ಅಂಗಡಿಯ ಆಸ್ತಿ ಯಾರದು?

ನನ್ನ ತಂದೆಯವರು 2012ರಲ್ಲಿ ಗೆಳೆಯರೊಬ್ಬರೊಡನೆ ಕೂಡಿ ದಿನಸಿ ಅಂಗಡಿ ತೆರೆದರು. ಗೆಳೆಯರು ಅಂಗಡಿಯ ಹೆಸರಿನಲ್ಲಿ ಮಾಡಿದ ಸಾಲಕ್ಕೆ ನಮ್ಮ ಮನೆ ಮಾರಿಹೋಯಿತು. ಇದು ಹೇಗೆ ನ್ಯಾಯವೆಂದು ಬಹುಕಾಲ ಚಿಂತಿಸಿದೆ.

1932ರ ಭಾರತೀಯ ಪಾಲುದಾರಿಕೆ ಕಾಯಿದೆಯನ್ನು ಓದಿದಾಗ ಉತ್ತರ ದೊರೆಯಿತು. ಅದರಂತೆ, ಪಾಲುದಾರರನ್ನು ಬಿಟ್ಟು ಸಂಸ್ಥೆಗೆ ಬೇರೆ ವ್ಯಕ್ತಿತ್ವವಿಲ್ಲ. ಸಂಸ್ಥೆಯ ಆಸ್ತಿ ಪಾಲುದಾರರೆಲ್ಲರದು. ಅಂತೆಯೇ ಅದರ ಸಾಲಕ್ಕೆ ಪ್ರತಿಯೊಬ್ಬನ ಸ್ವಂತ ಆಸ್ತಿಯೂ ಹೊಣೆ.

2008ರ ಸೀಮಿತ ಹೊಣೆಗಾರಿಕೆ ಪಾಲುದಾರಿಕೆ ಕಾಯಿದೆಯ ರೀತಿ ಬೇರೆ. ಅದರಡಿ ನೋಂದಾಯಿತವಾದ ಸಂಸ್ಥೆಯು ಕಾನೂನಿನ ಕಣ್ಣಿಗೆ ತಾನೇ ಒಬ್ಬ ವ್ಯಕ್ತಿ. ಅದು ತನ್ನ ಹೆಸರಿನಲ್ಲೇ ಸ್ಥಿರ, ಚರ ಸ್ವತ್ತುಗಳನ್ನು ಕೊಳ್ಳಬಹುದು, ಮಾರಬಹುದು, ದಾವೆ ಹೂಡಬಹುದು. ಪಾಲುದಾರನು ತೀರಿಕೊಂಡರೂ ಸಂಸ್ಥೆ ಉಳಿಯುತ್ತದೆ. ಪಾಲುದಾರನು ಸಂಸ್ಥೆಯ ಪ್ರತಿನಿಧಿಯೇ ಹೊರತು ಇತರ ಪಾಲುದಾರರ ಪ್ರತಿನಿಧಿಯಲ್ಲ. ಸಂಸ್ಥೆಯ ಸಾಲವು ಸಂಸ್ಥೆಯ ಆಸ್ತಿಯಿಂದಲೇ ತೀರತಕ್ಕದ್ದು.

ಹಾಗೆಂದು ಇದು ಮೋಸಗಾರನಿಗೆ ಮರೆಯಲ್ಲ. ಸಾಲಿಗರನ್ನು ವಂಚಿಸಲೆಂದೇ ವ್ಯವಹರಿಸಿದವನ ಹೊಣೆಗೆ ಮಿತಿಯಿಲ್ಲ. ಸ್ವಂತ ಜಾಮೀನು ಬರೆದುಕೊಟ್ಟವನೂ ಪಾರಾಗಲಾರ.

ಮಿತ್ರರೇ, ನಾಳೆ ನೀವೂ ಗೆಳೆಯರೊಡನೆ ವ್ಯಾಪಾರಕ್ಕೆ ಇಳಿಯಬಹುದು. ರುಜು ಹಾಕುವ ಮುನ್ನ, ಯಾವ ಕಾಯಿದೆಯ ಕೆಳಗೆ ಎಂದು ಕೇಳಿರಿ. ನನ್ನ ತಂದೆಯವರು ಕೇಳಿರಲಿಲ್ಲ.