ಲಕ್ಕಮ್ಮನ ಅಳತೆ ಮತ್ತು ನಮ್ಮ ಮನೆಯ ಲೆಕ್ಕ

ಶ್ರೀಮಠದ ಕಾರ್ಯಾಲಯಕ್ಕೆ ಲಗ್ನಪತ್ರಿಕೆ ಹಿಡಿದು ಬರುವ ಭಕ್ತರ ಮುಖದ ಸಂಭ್ರಮವನ್ನು ನಾವು ಬಲ್ಲೆವು. ಎರಡು ಮೂರು ವರ್ಷಗಳ ಅನಂತರ ಅವರಲ್ಲಿ ಕೆಲವರು ಒಬ್ಬರೇ, ದರ್ಶನದ ವೇಳೆ ಮುಗಿದ ಮೇಲೆ ಬರುವುದನ್ನೂ ಕಂಡಿದ್ದೇವೆ. ಹೊಲ ಅಡವಾಗಿದೆ, ಮನೆಯವರ ಬಂಗಾರ ಬ್ಯಾಂಕಿನಲ್ಲಿದೆ, ಸಾಲ ತೀರುವಂತೆ ಪೂಜ್ಯರು ಆಶೀರ್ವದಿಸಬೇಕು ಎನ್ನುತ್ತಾರೆ. ಆಶೀರ್ವಾದ ದೊರೆಯುತ್ತದೆ. ಬಡ್ಡಿಯ ಲೆಕ್ಕವನ್ನೂ ಯಾರಾದರೂ ಕುಳಿತು ಹೇಳಬೇಕಲ್ಲವೆ?

ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳ ಕಥನ ಶರಣ ಬಂಧುಗಳಿಗೆಲ್ಲ ತಿಳಿದದ್ದೇ. ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಆತ ನಿತ್ಯಕ್ಕಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಸಂತೋಷಪಡಲಿಲ್ಲ, ಹೆಚ್ಚಾದುದನ್ನು ಅಲ್ಲಿಯೇ ಸುರಿದು ಬರುವಂತೆ ಗಂಡನನ್ನು ಹಿಂದಕ್ಕೆ ಕಳುಹಿಸಿದಳು. ಇದನ್ನು ನಾವು ಸಾಮಾನ್ಯವಾಗಿ ಅಲ್ಪತೃಪ್ತಿಯ ಪಾಠವೆಂದು ಓದುತ್ತೇವೆ. ಆದರೆ ಗಮನಿಸಬೇಕಾದುದು ಇನ್ನೊಂದಿದೆ. ತಂದ ಅಕ್ಕಿ ಎಷ್ಟೆಂದು ಆಕೆಗೆ ತಿಳಿಯಿತು. ನಿತ್ಯದ ಅಳತೆ ಗೊತ್ತಿದ್ದವಳಿಗೆ ಮಾತ್ರ ಹೆಚ್ಚು ಎಂಬುದು ಗೊತ್ತಾಗಲು ಸಾಧ್ಯ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ತಿಂಗಳ ಆದಾಯ, ವೆಚ್ಚ, ಸಾಲ ಮೂರೂ ಗಂಡ ಹೆಂಡತಿ ಇಬ್ಬರಿಗೂ ತಿಳಿದಿವೆ?

ಸಾಲವೆಂದರೆ ನಾಳೆ ಮಾಡಬೇಕಾದ ಕಾಯಕದ ಅಕ್ಕಿಯನ್ನು ಇಂದೇ ಆಯ್ದು ತರುವುದು. ಬಿತ್ತನೆಗೆ, ಮಕ್ಕಳ ವಿದ್ಯೆಗೆ, ಚಿಕಿತ್ಸೆಗೆ ಹಾಗೆ ತರಬೇಕಾಗಬಹುದು. ಅದನ್ನು ತಪ್ಪೆನ್ನುವ ಅಧಿಕಾರ ನಮಗಿಲ್ಲ. ಮಂಟಪಕ್ಕೆ, ಮೆರವಣಿಗೆಗೆ, ಬೀಗರ ಎದುರು ಪ್ರತಿಷ್ಠೆಗೆ ತಂದಾಗ ಏನಾಗುತ್ತದೆ ನೋಡಿ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಎಂದರೆ ಕಿವಿಗೆ ಹಗುರ. 2 ಲಕ್ಷ ರೂಪಾಯಿಗೆ ಅದು ತಿಂಗಳಿಗೆ 6,000, ವರ್ಷಕ್ಕೆ 72,000. ಮೂರು ವರ್ಷದಲ್ಲಿ 2,16,000 ರೂಪಾಯಿ ಬಡ್ಡಿ ತೆತ್ತ ಮೇಲೂ ಅಸಲು ಹಾಗೆಯೇ ನಿಂತಿರುತ್ತದೆ. ತಿಂಗಳ ಬಡ್ಡಿ ಕಟ್ಟದೆ ಅದು ಅಸಲಿಗೆ ಸೇರುತ್ತ ಹೋದರೆ ಎರಡೇ ವರ್ಷದಲ್ಲಿ ಸಾಲ 4 ಲಕ್ಷ ದಾಟುತ್ತದೆ. ಬಾಕಿ ಉಳಿಸಿಕೊಂಡ ಕ್ರೆಡಿಟ್ ಕಾರ್ಡಿನ ಬಡ್ಡಿಯೂ ಬಹುತೇಕ ಇದೇ ಮಟ್ಟದ್ದು; ನಗರದಲ್ಲಿರುವ ನಮ್ಮ ಮಕ್ಕಳಿಗೆ ಇದನ್ನು ತಿಳಿಸಬೇಕು. ಇದೇ 2 ಲಕ್ಷಕ್ಕೆ ವರ್ಷಕ್ಕೆ ಶೇಕಡಾ 12ರ ದರದಲ್ಲಿ ಬೀಳುವ ಬಡ್ಡಿ 24,000. ಆದ್ದರಿಂದ ಹಲವು ಸಾಲಗಳಿದ್ದಲ್ಲಿ ಹೆಚ್ಚು ಬಡ್ಡಿಯದನ್ನು ಮೊದಲು ತೀರಿಸುವುದು ಮೇಲು. ಮನೆಯಲ್ಲಿ ಸುಮ್ಮನಿರುವ ಬಂಗಾರ ಮಾರಿದರೆ ಮರ್ಯಾದೆ ಹೋಗುತ್ತದೆ ಎಂಬ ಭಾವನೆಯಿಂದ ಹೊಲ ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

ಹಾಗಾದರೆ ನಾಳೆಗೆಂದು ಉಳಿಸುವುದೂ ಶರಣಮಾರ್ಗಕ್ಕೆ ವಿರುದ್ಧವೆ ಎಂದು ಯುವಕರೊಬ್ಬರು ಕೇಳಿದ್ದರು. ಪ್ರಶ್ನೆ ಸುಲಭದ್ದಲ್ಲ. ಲಕ್ಕಮ್ಮನ ನಿಷ್ಠೆಯನ್ನು ಅಕ್ಷರಶಃ ಪಾಲಿಸುವ ಶಕ್ತಿ ಸಂಸಾರಿಗಳಾದ ನಮ್ಮಲ್ಲಿ ಎಷ್ಟು ಮಂದಿಗಿದೆ? ನಮ್ಮ ತಿಳಿವಳಿಕೆಯಂತೆ, ದುಡಿಯಲಾಗದ ದಿನ ಪರರ ಮುಂದೆ ಕೈಯೊಡ್ಡದಿರಲು ಆರು ತಿಂಗಳ ವೆಚ್ಚವನ್ನು ಕಾದಿರಿಸುವುದು ಲೋಭವಲ್ಲ. ಅದನ್ನು ಇಡುವ ಸ್ಥಳದ ಬಗೆಗೆ ಮಾತ್ರ ಎಚ್ಚರವಿರಲಿ. ಬ್ಯಾಂಕಿನ ಠೇವಣಿಗೆ, ಸಹಕಾರಿ ಬ್ಯಾಂಕೂ ಸೇರಿದಂತೆ, ಒಂದು ಬ್ಯಾಂಕಿನಲ್ಲಿ ಒಬ್ಬ ಠೇವಣಿದಾರರಿಗೆ ಬಡ್ಡಿ ಸಹಿತ 5 ಲಕ್ಷ ರೂಪಾಯಿವರೆಗೆ ವಿಮೆಯಿದೆ. 2020ರಿಂದ ಈ ಮಿತಿ ಜಾರಿಯಲ್ಲಿದೆ. ಪತ್ತಿನ ಸಹಕಾರ ಸಂಘಗಳ ಠೇವಣಿಗೆ ಈ ವಿಮೆ ಅನ್ವಯಿಸದು. ಸಂಘದ ಅಧ್ಯಕ್ಷರು ನಮ್ಮವರೇ ಎಂಬುದು ಭದ್ರತೆಯಲ್ಲ. ಸ್ನೇಹಕ್ಕೆ ಕಟ್ಟುಬಿದ್ದು ಜಾಮೀನು ಸಹಿ ಹಾಕುವವರಿಗೂ ಇದೇ ಮಾತು: ಸಾಲಗಾರ ಕಟ್ಟದಿದ್ದರೆ ಆ ಸಾಲ ನಿಮ್ಮದೇ.

ದಾಸೋಹದ ವಿಷಯವನ್ನು ಮಠದ ಕಾರ್ಯದರ್ಶಿಗಳಾದ ನಾವೇ ಹೇಳುವುದು ಉಚಿತ. ಸಾಲ ಮಾಡಿ ಶ್ರೀಮಠಕ್ಕೆ ಕಾಣಿಕೆ ತರಬೇಡಿ. ದಾಸೋಹಕ್ಕೆ ಸಲ್ಲುವುದು ಶುದ್ಧ ಕಾಯಕದ ಫಲ. ಮಾರಯ್ಯನ ಹೆಚ್ಚಿನ ಅಕ್ಕಿಯನ್ನು ಲಕ್ಕಮ್ಮ ತಿರಸ್ಕರಿಸಿದ್ದು ಇದೇ ಕಾರಣಕ್ಕೆ. ಮಠದಲ್ಲಿ ಜರುಗುವ ಸಾಮೂಹಿಕ ವಿವಾಹವು ಬಡವರಿಗಷ್ಟೇ ಎಂಬ ಭಾವನೆಯನ್ನು ಅನುಕೂಲಸ್ಥರು ತಾವೇ ಅಲ್ಲಿ ಮಕ್ಕಳ ಮದುವೆ ನೆರವೇರಿಸಿ ತೊಡೆದುಹಾಕಿದರೆ ಅದಕ್ಕಿಂತ ದೊಡ್ಡ ಕಾಣಿಕೆ ಬೇರಿಲ್ಲ.

ಸಾಲದ ಚಿಂತೆಯಿಂದ ಬರುವ ಭಕ್ತರಲ್ಲಿ ನಮ್ಮದೊಂದು ವಿನಂತಿ. ಬರುವಾಗ ಸಾಲದ ಪತ್ರಗಳನ್ನೂ ಪಾಸ್‌ಬುಕ್ಕನ್ನೂ ಜೊತೆಗೆ ತನ್ನಿ. ಮುಚ್ಚಿಡದೆ ಮನೆಯವರನ್ನೂ ಕರೆತನ್ನಿ. ದರ್ಶನಕ್ಕೆ ಮುನ್ನ ಕಾರ್ಯಾಲಯದಲ್ಲಿ ಕುಳಿತು ಒಂದು ಹಾಳೆಯ ಮೇಲೆ ಎಲ್ಲವನ್ನೂ ಬರೆಯೋಣ.