ಎರಡು ಹನಿಯ ಸತ್ಯಶೋಧನೆ

ಆಲ್ಬರ್ಟ್ ಸೇಬಿನ್ನರು ರೂಪಿಸಿದ ಪೋಲಿಯೋ ಹನಿಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣು. ಅದು ಕರುಳಿನಲ್ಲಿ ಬೆಳೆದು ದೇಹಕ್ಕೆ ರೋಗನಿರೋಧಕ ಶಕ್ತಿಯನ್ನು ನೀಡುತ್ತದೆ. ಆದರೆ ಲಕ್ಷಾಂತರ ಮಕ್ಕಳಲ್ಲಿ ಒಬ್ಬರಿಗೆ ಎಂಬಷ್ಟು ವಿರಳವಾಗಿ, ಅದೇ ವೈರಾಣು ಮಾರ್ಪಟ್ಟು, ಬೆನ್ನುಹುರಿಯ ನರಕೋಶಗಳನ್ನು ಕೆಡಿಸಿ, ಕಾಲಿನ ಬಲವನ್ನು ಕಸಿಯುವುದುಂಟು.

ಹನಿ ಹಾಕಿಸಿದ ಬಳಿಕ ಕಾಲು ಸೋತಿತೆಂದ ಮಾತ್ರಕ್ಕೆ ಹನಿಯೇ ಕಾರಣವೆನ್ನಬಹುದೇ? ಬೇರೆ ನರರೋಗಗಳಿಂದಲೂ ಹಾಗಾಗುವುದುಂಟು. ಆದುದರಿಂದ ಕಾಲು ಸೋತ 14 ದಿನಗಳೊಳಗೆ, 24 ಗಂಟೆಗಳ ಅಂತರದಲ್ಲಿ, ಮಗುವಿನ ಮಲದ ಎರಡು ಮಾದರಿಗಳನ್ನು ಪಡೆದು ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ದೊರೆತ ವೈರಾಣು ನಿಸರ್ಗದ್ದೋ ಲಸಿಕೆಯದ್ದೋ ಎಂಬುದನ್ನು ಅದರ ವಂಶವಾಹಿಯ ರಚನೆ ತಿಳಿಸುತ್ತದೆ. ಲಸಿಕೆಯ ವೈರಾಣು ಆರೋಗ್ಯವಂತ ಮಗುವಿನಲ್ಲಿಯೂ ಇರಬಹುದಾದ್ದರಿಂದ, 60 ದಿನಗಳ ನಂತರವೂ ದೌರ್ಬಲ್ಯ ಉಳಿದಿದೆಯೇ ಎಂದು ವೈದ್ಯರು ಮತ್ತೆ ಪರೀಕ್ಷಿಸುತ್ತಾರೆ.

ಕೋಟ್ಯಂತರ ಮಕ್ಕಳನ್ನು ಕಾಯ್ದ ಹನಿಯ ಮೇಲಿನ ನಂಬಿಕೆ ಉಳಿಯುವುದು, ಆ ಒಂದು ಮಗುವಿನ ನೋವಿನ ಕಾರಣವನ್ನು ಮರೆಮಾಚದೆ ಅರಸಿದಾಗಲೇ.