ಎರಡು ಪಾಲಾದ ಒಂದು ವಿಜಯ

ಒಂದೇ ವಿಮಾನವನ್ನು ಕೆಡವಿದವನು ತಾನೆಂದು ಇಬ್ಬರು ವೀರರು ಹೇಳಿದರೆ ನ್ಯಾಯ ತೀರಿಸುವವರು ಯಾರು? ಎರಡನೆಯ ಮಹಾಯುದ್ಧ ಮುಗಿದು ಅರ್ಧ ಶತಮಾನ ಕಳೆದ ಮೇಲೂ ಇಂಥದೊಂದು ವ್ಯಾಜ್ಯ ಅಮೆರಿಕೆಯ ನ್ಯಾಯಾಲಯದ ಮೆಟ್ಟಿಲೇರಿತ್ತು. ಪರ್ಲ್ ಹಾರ್ಬರ್ ದಾಳಿಯನ್ನು ಯೋಜಿಸಿದ ಜಪಾನಿನ ನೌಕಾಧಿಪತಿ ಇಸೊರೊಕು ಯಮಾಮೊಟೊನ ಹೆಸರನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಬಹುದು. ಆತನ ಮರಣಾನಂತರ ಕಾಗದಪತ್ರಗಳ ನಡುವೆ ನಡೆದ ಸಮರವನ್ನು ಇಲ್ಲಿ ನಿರೂಪಿಸಬಯಸುತ್ತೇವೆ.

ಯಮಾಮೊಟೊನ ಪ್ರವಾಸದ ವೇಳಾಪಟ್ಟಿ ಗುಪ್ತಲಿಪಿಯ ಭೇದನದಿಂದ ಅಮೆರಿಕನ್ನರ ಕೈಸೇರಿತ್ತು. 1943ರ ಏಪ್ರಿಲ್ 18ರಂದು ಮೇಜರ್ ಜಾನ್ ಮಿಚೆಲ್‌ನ ನೇತೃತ್ವದಲ್ಲಿ ಗ್ವಾಡಲ್‌ಕೆನಾಲ್ ದ್ವೀಪದಿಂದ 18 ಲೈಟ್ನಿಂಗ್ ಯುದ್ಧವಿಮಾನಗಳು ಹೊರಡಬೇಕಿತ್ತು. ಎರಡು ಕೆಟ್ಟು ನಿಂತವು, 16 ಮುಂದುವರಿದವು. ಅವುಗಳಲ್ಲಿ ನಾಲ್ಕಕ್ಕೆ ಮಾತ್ರ ನೇರ ದಾಳಿಯ ಹೊಣೆ. ಅವನ್ನು ನಡೆಸಿದವರು ಟಾಮಸ್ ಲ್ಯಾನ್‌ಫಿಯರ್, ರೆಕ್ಸ್ ಬಾರ್ಬರ್, ಬೆಸ್ಬಿ ಹೋಮ್ಸ್ ಮತ್ತು ರೇಮಂಡ್ ಹೈನ್. ಬೂಗನ್‌ವಿಲ್ ದ್ವೀಪದ ಬಳಿ ಎರಡು ಬಾಂಬರ್‌ಗಳೂ ಆರು ಜೀರೋ ಬೆಂಗಾವಲು ವಿಮಾನಗಳೂ ಎದುರಾದವು. ಕೆಲವೇ ನಿಮಿಷಗಳಲ್ಲಿ ಒಂದು ಬಾಂಬರ್ ಕಾಡಿಗೂ ಇನ್ನೊಂದು ಸಮುದ್ರಕ್ಕೂ ಬಿದ್ದವು. ಕಾಡಿಗೆ ಬಿದ್ದುದರಲ್ಲಿ ಯಮಾಮೊಟೊ ಇದ್ದನು.

ಹಿಂದಿರುಗಿದವರ ಲೆಕ್ಕ ಮಾತ್ರ ಬೇರೆಯಾಗಿತ್ತು. ಲ್ಯಾನ್‌ಫಿಯರ್‌ಗೆ ಒಂದು, ಬಾರ್ಬರ್‌ಗೆ ಒಂದು, ಬಾರ್ಬರ್ ಮತ್ತು ಹೋಮ್ಸ್ ಇಬ್ಬರಿಗೂ ಸೇರಿ ಮತ್ತೊಂದು: ಒಟ್ಟು ಮೂರು ಬಾಂಬರ್‌ಗಳು! ಮರಳಿ ಬಂದ ವೈಮಾನಿಕರನ್ನು ಕ್ರಮಬದ್ಧವಾಗಿ ವಿಚಾರಿಸಿ ಬರೆದುಕೊಳ್ಳುವ ಪದ್ಧತಿ ಆಗ ಆ ದ್ವೀಪದಲ್ಲಿರಲಿಲ್ಲ. ಇದನ್ನು ಬರಿಯ ಸುಳ್ಳೆನ್ನಲು ನಮಗೆ ಮನಸ್ಸಾಗದು. ಗುಂಡು ಹಾರಿಸಿದವನು ಮರುಕ್ಷಣವೇ ತಿರುಗಿ ತನ್ನ ಪ್ರಾಣ ಉಳಿಸಿಕೊಳ್ಳಬೇಕು. ಆ ಗಡಿಬಿಡಿಯಲ್ಲಿ ಒಂದೇ ಹೊಗೆಯ ಕಂಬ ಇಬ್ಬರಿಗೂ ತಮ್ಮತಮ್ಮ ವಿಜಯವಾಗಿಯೇ ತೋರುವುದು ಸಹಜ.

ಯುದ್ಧಾನಂತರ ಜಪಾನಿನ ದಾಖಲೆಗಳು ದೊರೆತಾಗ ಗಂಟು ಕಾಣಿಸಿತು. ಹೊರಟ ಬಾಂಬರ್‌ಗಳೇ ಎರಡು, ಮೂರನೆಯದು ಎಲ್ಲಿಂದ ಬಿದ್ದೀತು? ಅಮೆರಿಕನ್ನರು ಕೆಡವಿದೆವೆಂದ ಜೀರೋಗಳೂ ಆ ದಾಖಲೆಯಂತೆ ಆರಕ್ಕೆ ಆರೂ ಮರಳಿದ್ದವು. ಹೀಗಾಗಿ 1970ರ ದಶಕದಲ್ಲಿ ಅಮೆರಿಕೆಯ ವಾಯುಪಡೆ ಲೆಕ್ಕವನ್ನು ತಿದ್ದಿತು. ಯಮಾಮೊಟೊನ ವಿಮಾನ ಲ್ಯಾನ್‌ಫಿಯರ್ ಮತ್ತು ಬಾರ್ಬರ್‌ಗೆ ಅರ್ಧರ್ಧ. ಸಮುದ್ರಕ್ಕೆ ಬಿದ್ದುದು ಬಾರ್ಬರ್ ಮತ್ತು ಹೋಮ್ಸ್‌ಗೆ ಅರ್ಧರ್ಧ. ನಮ್ಮ ಹಳ್ಳಿಗಳಲ್ಲಿ ಹೊಲವನ್ನು ಹಿಸ್ಸೆ ಮಾಡಿ ಜಗಳ ಮುಗಿಸುವಂತೆಯೇ ಇದು. ಆದರೆ ಹೊಲಕ್ಕೆ ಬದು ಹಾಕಬಹುದು, ಒಂದು ಕ್ಷಣಕ್ಕೆ ಬದು ಹಾಕುವುದೆಂತು?

ಇಬ್ಬರ ಹೇಳಿಕೆಗಳೂ ಒಂದಕ್ಕೊಂದು ಕೂಡುವಂತಿರಲಿಲ್ಲ. ತಾನು ಮೊದಲು ಜೀರೋಗಳನ್ನು ಎದುರಿಸಿ, ಆಮೇಲೆ ಬಾಂಬರಿನ ಪಾರ್ಶ್ವದಿಂದ ಹೊಡೆದೆನೆಂದೂ ಅದರ ಬಲರೆಕ್ಕೆ ಕಳಚಿತೆಂದೂ ಲ್ಯಾನ್‌ಫಿಯರ್ ಹೇಳಿದನು. ತಾನು ಹಿಂದಿನಿಂದ ಬೆನ್ನಟ್ಟಿ ಹೊಡೆದೆನೆಂದು ಬಾರ್ಬರ್ ಹೇಳಿದನು. ಆರು ಬೆಂಗಾವಲು ವೈಮಾನಿಕರಲ್ಲಿ ಯುದ್ಧ ಮುಗಿಯುವವರೆಗೆ ಬದುಕಿದ್ದವನು ಕೆಂಜಿ ಯಾನಾಗಿಯಾ ಒಬ್ಬನೇ. ಶತ್ರುಪಕ್ಷದ ಈ ಸಾಕ್ಷಿಯ ಮಾತು ಬಾರ್ಬರ್‌ನ ಹೇಳಿಕೆಗೇ ಹೊಂದಿತು. ಕಾಡಿನಲ್ಲಿ ಉಳಿದ ಅವಶೇಷಗಳನ್ನು ಪರೀಕ್ಷಿಸಿದವರೂ ಗುಂಡುಗಳು ಹಿಂದಿನಿಂದ ಬಂದುವೆಂದರು. ನಮ್ಮ ಮಟ್ಟಿಗೆ ತಕ್ಕಡಿ ಬಾರ್ಬರ್‌ನ ಕಡೆಗೇ ವಾಲುತ್ತದೆ. ತನ್ನ ಮಾತಿಗೆ ಎದುರಾಳಿಯೇ ಸಾಕ್ಷಿ ನುಡಿದರೆ ಅದಕ್ಕಿಂತ ಬಲವಾದುದೇನಿದೆ?

ಅಧಿಕಾರಿಗಳಿಗೆ ಹಾಗೆನಿಸಲಿಲ್ಲ. 1985ರಲ್ಲಿ ಮರುಪರಿಶೀಲನಾ ಮಂಡಲಿ ಅರ್ಧರ್ಧವನ್ನೇ ಎತ್ತಿಹಿಡಿಯಿತು. ಲ್ಯಾನ್‌ಫಿಯರ್ 1987ರಲ್ಲಿ ತೀರಿಕೊಂಡನು. ಬಾರ್ಬರ್ ಪುನಃ ಅರ್ಜಿ ಹಾಕಿದಾಗ, 1991ರಲ್ಲಿ ದಾಖಲೆ ತಿದ್ದುಪಡಿ ಮಂಡಲಿಯ ಸದಸ್ಯರಲ್ಲೇ ಒಮ್ಮತ ಮೂಡಲಿಲ್ಲ. ವಾಯುಪಡೆಯ ಕಾರ್ಯದರ್ಶಿ ಡೊನಾಲ್ಡ್ ರೈಸ್ ಹಳೆಯ ಹಂಚಿಕೆಯನ್ನೇ ಉಳಿಸಿದನು. 1996ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಬಾರ್ಬರ್‌ನ ಕೋರಿಕೆಯನ್ನು ಒಪ್ಪಲಿಲ್ಲ. ಕೆಡವಿದವರಾರೆಂಬುದು ನ್ಯಾಯಾಲಯದ ಮುಂದಿದ್ದ ಪ್ರಶ್ನೆಯಲ್ಲ; ವಾಯುಪಡೆಯ ನಿರ್ಣಯ ವಿವೇಚನೆಗೆ ಹೊರತಾಗಿತ್ತೇ ಎಂಬುದಷ್ಟೇ.

ಬಾರ್ಬರ್ 2001ರಲ್ಲಿ ಅದೇ ಅರ್ಧ ಪಾಲಿನೊಡನೆ ಕಣ್ಮುಚ್ಚಿದನು. ಅಂದು ದಾಳಿಗೆ ಹೋದ ನಾಲ್ವರಲ್ಲಿ ಮರಳದವನು ಒಬ್ಬನಿದ್ದನಷ್ಟೆ, ರೇಮಂಡ್ ಹೈನ್. ಆತನು ಕಂಡದ್ದೇನೆಂದು ಬರೆದುಕೊಳ್ಳುವ ಅವಕಾಶವೇ ಯಾರಿಗೂ ದೊರೆಯಲಿಲ್ಲ.